ಕುದುರೆ ಬಾಯಲ್ಲಿ ರಕ್ತ ಬಂದರೂ ಆಟ ನಿಲ್ಲಿಸಲಿಲ್ಲ, ದೂರು ಕೊಡೋದು ಯಾರಿಗೆ?

ಹಾಸನದಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮಗಳು ಎಂಟನೇ ಕ್ಲಾಸು, ಊರಾಚೆ ಒಂದು ಕಡೆ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ನಮ್ಮ ಮನೆಯಲ್ಲಿ ಯಾರಿಗೂ ಕುದುರೆ ಗೊತ್ತಿಲ್ಲ, ಹಾಸನಾಂಬ ಜಾತ್ರೆ ಟೈಮಲ್ಲಿ ಪೊಲೀಸರ ಕುದುರೆ ನೋಡಿ ಹುಚ್ಚು ಹಿಡಿಸಿಕೊಂಡವಳು ಇವಳು.

ಈಚೆಗೆ ಆ ಸವಾರಿ ಶಾಲೆಯಿಂದ ಕೆಲವು ಮಕ್ಕಳನ್ನು ಬೆಂಗಳೂರಿನ ಕಡೆ ಒಂದು ಜಂಪಿಂಗ್ (ಕುದುರೆ ಬೇಲಿ ಹಾರಿಸುವ) ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದರು. ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಬೇರೆ ಕಡೆಯಿಂದ ಬಂದಿದ್ದ ಒಬ್ಬ ದೊಡ್ಡ ಹುಡುಗನ ಕುದುರೆ ಸುತ್ತು ಮುಗಿಸಿ ಹೊರಗೆ ಬಂತು. ನಾನು ಗೇಟ್ ಪಕ್ಕದಲ್ಲೇ ನಿಂತಿದ್ದೆ. ಬಾಯಿಯ ನೊರೆ ಒಂದು ಕಡೆ ಬೆಳ್ಳಗಿತ್ತು, ಇನ್ನೊಂದು ಕಡೆ ತುಟಿ ಮೂಲೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕುದುರೆ ನೋಡಿಕೊಳ್ಳುವ ಹುಡುಗ ಟವೆಲ್ಲಿಂದ ಒರೆಸಿದ, ಕೆಂಪು ಭಾಗ ಒಳಗೆ ಬರುವ ಹಾಗೆ ಟವೆಲ್ ಮಡಚಿ ಹೆಗಲ ಮೇಲೆ ಹಾಕಿಕೊಂಡ. ಅಷ್ಟು ನೀಟಾಗಿ ಮಡಚಿದ್ದು ನೋಡಿದರೆ ಅವನಿಗೆ ಇದು ಹೊಸದಲ್ಲ ಅನ್ನಿಸಿತು.

ಮಧ್ಯಾಹ್ನ ಅದೇ ಕುದುರೆ ಮತ್ತೆ ಇಳಿಯಿತು. ನಾನು ಅಲ್ಲಿದ್ದ ಒಬ್ಬ ಅಧಿಕಾರಿಗೆ ಹೋಗಿ ಹೇಳಿದೆ. "ತುಟಿ ಕಚ್ಚಿಕೊಂಡಿದೆ ಅಷ್ಟೇ ಮೇಡಂ, ರೂಲ್ಸಲ್ಲಿ ಇದಕ್ಕೆ ಅವಕಾಶ ಇದೆ" ಅಂದರು. ಡಾಕ್ಟರ್ ನೋಡಿದರಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ನಮ್ಮ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ಸುಮ್ನಿರಿ ಅಕ್ಕ, ನಮ್ಮ ಮಕ್ಕಳು ನಾಳೆ ಇವರ ಮುಂದೆನೇ ಆಡಬೇಕು" ಅಂದರು.

ನಿಜವಾಗಲೂ ಇಂಥ ರೂಲ್ಸ್ ಇದೆಯಾ? ಇದ್ದರೆ ಅದನ್ನು ಜಾರಿ ಮಾಡೋದು ಯಾರು, ಅವರು ಮಾಡದಿದ್ದರೆ ಯಾರಿಗೆ ಹೇಳಬೇಕು? ಮಗಳನ್ನು ಬಿಡಿಸಬೇಕಾ ಅಂತಲೂ ಯೋಚನೆ. ಕುದುರೆ ಬಗ್ಗೆ ತಿಳಿದವರು ದಯವಿಟ್ಟು ಹೇಳಿ. "ನಿಮ್ಮ ಮಗಳಿಗೆ ಭರತನಾಟ್ಯ ಕಲಿಸಿ" ಅನ್ನೋರು ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.

---

ಗೊರಸು_ಡಾಕ್ಟ್ರು:

ನಾನು ಪಶುವೈದ್ಯ, ಈಗ ನಿವೃತ್ತ. ಕುದುರೆಗಿಂತ ಹಸು ಜಾಸ್ತಿ ನೋಡಿದವನು, ಆದರೆ ಕೆಲವು ವರ್ಷ ಕುದುರೆಗಳ ಜೊತೆಯೂ ಇದ್ದೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ ಮೇಡಂ. ಈ ಆಟಕ್ಕೆ ಜಗತ್ತಿನ ಮಟ್ಟದಲ್ಲಿ ಇರುವ ಸಂಸ್ಥೆ ಎಫ್‌ಇಐ. 1921ರಲ್ಲಿ ಶುರುವಾದದ್ದು, ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿದೆ. ಅವರ ಜಂಪಿಂಗ್ ನಿಯಮದಲ್ಲಿ ಮೊದಲು ಹೀಗಿತ್ತು: ಬಾಯಲ್ಲಿ, ಮೂಗಲ್ಲಿ, ಪಕ್ಕೆಯಲ್ಲಿ ರಕ್ತ ಕಂಡರೆ ಸ್ಪರ್ಧೆಯಿಂದ ಹೊರಗೆ. ಕುದುರೆ ತಾನೇ ನಾಲಿಗೆ ಅಥವಾ ತುಟಿ ಕಚ್ಚಿಕೊಂಡಂತೆ ಕಂಡರೆ ಮಾತ್ರ ಬಾಯಿ ತೊಳೆದು ಮುಂದುವರಿಸಲು ಬಿಡಬಹುದಿತ್ತು, ಆಮೇಲೆ ಮತ್ತೆ ರಕ್ತ ಕಂಡರೆ ಔಟ್. ನಿಮಗೆ ಹೇಳಿದ್ದು ಈ ಕಚ್ಚಿಕೊಂಡ ಕಥೆ. ಈ ಕಥೆ ಎಷ್ಟು ಅನುಕೂಲ ನೋಡಿ, ಕುದುರೆ ಎದ್ದು ಬಂದು ಇಲ್ಲ ಅನ್ನೋದಿಲ್ಲ.

2025ರ ನವೆಂಬರ್‌ನಲ್ಲಿ ಹಾಂಗ್ ಕಾಂಗ್‌ನಲ್ಲಿ ಸಭೆ ಸೇರಿ ಇದನ್ನು ಇನ್ನೂ ಸಡಿಲ ಮಾಡಿದರು. 2026ರಿಂದ ಜಂಪಿಂಗ್‌ನಲ್ಲಿ ರಕ್ತ ಕಂಡ ಕೂಡಲೇ ಹೊರಗೆ ಹಾಕಬೇಕು ಅಂತಿಲ್ಲ. ಡಾಕ್ಟರ್ ನೋಡಿ ಕುದುರೆ ಸರಿ ಇದೆ ಅಂದರೆ ಸವಾರನ ಹೆಸರಿಗೆ ಒಂದು ಎಚ್ಚರಿಕೆ ಬರೆದುಕೊಳ್ಳುತ್ತಾರೆ. 12 ತಿಂಗಳಲ್ಲಿ ಎರಡು ಎಚ್ಚರಿಕೆ ಆದರೆ ದಂಡ ಮತ್ತು ಒಂದು ತಿಂಗಳ ಅಮಾನತು. ತಮಾಷೆ ಏನು ಅಂದರೆ ಡ್ರೆಸಾಜ್‌ನಲ್ಲಿ (ಕುದುರೆ ಹೇಳಿದ ಹಾಗೆ ನಾಜೂಕಾಗಿ ಹೆಜ್ಜೆ ಹಾಕುವ ಸ್ಪರ್ಧೆ) ಈಗಲೂ ಹಸಿ ರಕ್ತ ಕಂಡರೆ ಅಲ್ಲಿಗೆ ಮುಗಿಯಿತು. ಒಂದೇ ಸಂಸ್ಥೆ, ಒಂದೇ ಪ್ರಾಣಿ, ಎರಡು ನ್ಯಾಯ.

ಸರಿ, ಇವೆಲ್ಲ ಅಂತರರಾಷ್ಟ್ರೀಯ ಸ್ಪರ್ಧೆಗೆ. ನೀವು ನೋಡಿದ್ದು ದೇಶದೊಳಗಿನದ್ದು, ಅದಕ್ಕೆ ಭಾರತದ ಕುದುರೆ ಸವಾರಿ ಒಕ್ಕೂಟದ ನಿಯಮ, ಅಥವಾ ಆ ಸ್ಪರ್ಧೆಯ ಶುರುವಿನ ಪ್ರಕಟಣೆಯಲ್ಲಿ ಯಾವ ನಿಯಮ ಅಂತ ಬರೆದಿರುತ್ತಾರೋ ಅದು. ಮೊದಲು ಆ ಪ್ರಕಟಣೆ ತರಿಸಿಕೊಳ್ಳಿ. ಯಾವ ನಿಯಮ ಬೇಕಾದರೂ ಇರಲಿ, ಡಾಕ್ಟರ್ ನೋಡದೆ "ಕಚ್ಚಿಕೊಂಡಿದೆ" ಅಂತ ತೀರ್ಮಾನ ಮಾಡಲು ಯಾರಿಗೂ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಬರೀ ವಸಡು, ಅದರ ಕೆಳಗೆ ಮೂಳೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲೇ. ಲಗಾಮು ಜಗ್ಗಿ ಜಗ್ಗಿ ಎಳೆದರೆ ಗಾಯ ಆಗುವುದು ಆ ವಸಡಿಗೆ ಮತ್ತು ತುಟಿ ಮೂಲೆಯ ಒಳಭಾಗಕ್ಕೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಡಿವಾಣ ಬಿಚ್ಚಿ, ತುಟಿ ಎತ್ತಿ, ಬ್ಯಾಟರಿ ಬಿಟ್ಟು ನೋಡಬೇಕು. ಅದರ ಮೇಲೆ ಮೂಗುಪಟ್ಟಿ ಬಿಗಿಯಾಗಿ ಕಟ್ಟಿದ್ದರೆ ಕುದುರೆ ಬಾಯಿ ತೆರೆದು ನೋವು ತೋರಿಸಲಿಕ್ಕೂ ಆಗದು. ಮೊದಲೆಲ್ಲ "ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು" ಅನ್ನುತ್ತಿದ್ದರು, ಯಾರ ಬೆರಳು ಅಂತ ಹೇಳುತ್ತಿರಲಿಲ್ಲ. 2025ರಿಂದ ಎಫ್‌ಇಐ ಅದಕ್ಕೊಂದು ಅಳತೆ ಸಾಧನ ತಂದಿದೆ. ಅದು ಒಳ್ಳೆಯ ಕೆಲಸ, ಒಪ್ಪುತ್ತೇನೆ.

---

ಮೂಡಿಗೆರೆ_ತೋಟ:

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೈಬೇಡಿ.

ನಮ್ಮ ತೋಟದಲ್ಲಿ ಎರಡು ಕುದುರೆ ಇವೆ, ಚಿಕ್ಕಂದಿನಿಂದ ಹತ್ತಿದವನು. ಕುದುರೆ ನಿಜವಾಗಲೂ ತುಟಿ ಕಚ್ಚಿಕೊಳ್ಳುತ್ತದೆ. ನಾವು ಊಟ ಮಾಡುವಾಗ ನಾಲಿಗೆ ಕಚ್ಚಿಕೊಳ್ಳಲ್ವಾ? ಒಂದು ಹನಿ ರಕ್ತ ಕಂಡ ತಕ್ಷಣ ಹಿಂಸೆ ಅಂತ ಕೂಗಿದರೆ, ಆ ಹುಡುಗ ಬೆಳಗ್ಗೆ ನಾಲ್ಕಕ್ಕೆ ಎದ್ದು ಲಾಯ ಗುಡಿಸಿ ವರ್ಷಗಟ್ಟಲೆ ಕಷ್ಟಪಟ್ಟಿದ್ದು ಒಂದು ಫೋಟೋದಲ್ಲಿ ಹೋಗುತ್ತದೆ. ಫೋನ್ ಕೈಯಲ್ಲಿದ್ದವರೆಲ್ಲ ಜಡ್ಜ್ ಆಗಿದ್ದಾರೆ ಈಗ.

ಇನ್ನೊಂದು ವಿಷಯ. ಲಾಯದಲ್ಲಿ ಇಡೀ ದಿನ ಕಟ್ಟಿಹಾಕಿ ಹುರುಳಿ ತಿನ್ನಿಸಿ ಕೊಬ್ಬಿಸುತ್ತಾರಲ್ಲ, ಅದು ಹಿಂಸೆ ಅಲ್ವಾ? ಅದಕ್ಕೆ ಯಾರೂ ದೂರು ಕೊಡುವುದಿಲ್ಲ, ಯಾಕಂದರೆ ರಕ್ತ ಕಾಣಲ್ಲ. ಕುದುರೆಗೆ ಕೆಲಸ ಬೇಕು, ಓಟ ಬೇಕು, ಜೊತೆಗೆ ಇನ್ನೊಂದು ಕುದುರೆ ಬೇಕು. ಚೆನ್ನಾಗಿ ನೋಡಿಕೊಂಡ ಸ್ಪರ್ಧೆ ಕುದುರೆ ಮದುವೆ ದಿಬ್ಬಣದ ಕುದುರೆಗಿಂತ ಸಾವಿರ ಪಾಲು ಸುಖವಾಗಿದೆ. ನಮ್ಮ ಬೆಂಗಳೂರಿನ ಸವಾರ ಫೌಆದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತನಕ ಹೋಗಿ 23ನೇ ಸ್ಥಾನ ಪಡೆದರು. ಕುದುರೆಯನ್ನು ಹೊಡೆದು ಅಲ್ಲಿಗೆ ಹೋಗೋಕೆ ಆಗಲ್ಲ ಸ್ವಾಮಿ. ನೋವಿರುವ ಕುದುರೆ ಬೇಲಿ ಮುಂದೆ ನಿಂತುಬಿಡುತ್ತದೆ.

---

ಗೊರಸು_ಡಾಕ್ಟ್ರು:

ಲಾಯದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ ಸರ್. ಕೊನೆಯ ಮಾತು ಮಾತ್ರ ಒಪ್ಪುವುದಿಲ್ಲ. ಹೊಡೆದೂ ಅಲ್ಲಿಗೆ ಹೋಗಬಹುದು, ಹೋಗಿದ್ದಾರೆ.

ಷಾರ್ಲೆಟ್ ಡುಜಾರ್ಡಿನ್, ಬ್ರಿಟನ್‌ನ ಡ್ರೆಸಾಜ್ ಸವಾರರು, ಆರು ಒಲಿಂಪಿಕ್ ಪದಕ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮೂರು ದಿನ ಇರುವಾಗ, 2024ರ ಜುಲೈ 23ರಂದು, ತಾವೇ ಹಿಂದೆ ಸರಿದರು. ತರಬೇತಿ ಕೊಡುವಾಗ ನೆಲದ ಮೇಲೆ ನಿಂತು ಉದ್ದ ಚಾಟಿಯಿಂದ ಕುದುರೆಯ ಕಾಲಿಗೆ ಮತ್ತೆ ಮತ್ತೆ ಹೊಡೆಯುವ ವಿಡಿಯೊ ಹೊರಗೆ ಬಂದಿತ್ತು. ಒಂದು ವರ್ಷ ಅಮಾನತು, 10,000 ಸ್ವಿಸ್ ಫ್ರಾಂಕ್ ದಂಡ ಆಯಿತು. ನನಗೆ ಮುಖ್ಯ ಅನ್ನಿಸುವುದು ಶಿಕ್ಷೆ ಅಲ್ಲ. ಆ ವಿಡಿಯೊ ವರ್ಷಗಳ ಹಿಂದಿನದು. ಅಷ್ಟು ಕಾಲ ಎಫ್‌ಇಐಗೆ ಗೊತ್ತಿರಲಿಲ್ಲ, ಒಬ್ಬರು ವಕೀಲರ ಮೂಲಕ ದೂರು ಕೊಟ್ಟ ಮೇಲೆ ಗೊತ್ತಾಯಿತು. ಫೋನ್ ಹಿಡಿದವರನ್ನು ಬೈಯ್ಯುತ್ತೀರಲ್ಲ, ಅವತ್ತು ಫೋನ್ ಇಲ್ಲದಿದ್ದರೆ ಇನ್ನೊಂದು ಪದಕ ಬರುತ್ತಿತ್ತೇನೋ.

---

ಎನ್‌ಸಿಸಿ_ಸವಾರ:

ಕಾಲೇಜಲ್ಲಿ ಎನ್‌ಸಿಸಿಯ ಕುದುರೆ ದಳದಲ್ಲಿದ್ದೆ, ಈಗ ಚಿಕ್ಕಮಗಳೂರಲ್ಲಿ ಕೆಲಸ. ಟೋಕಿಯೊ ಮಾತು ಬಂತಲ್ಲ, ಅದೇ ಒಲಿಂಪಿಕ್ಸ್‌ನ ಇನ್ನೊಂದು ಕಥೆ ಹೇಳಲೇಬೇಕು.

ಮಾಡರ್ನ್ ಪೆಂಟಾಥ್ಲಾನ್ ಅಂತ ಒಂದು ಆಟ, ಐದು ಸ್ಪರ್ಧೆ ಸೇರಿದ್ದು, ಅದರಲ್ಲಿ ಒಂದು ಕುದುರೆ ಜಂಪಿಂಗ್. ಕುದುರೆ ತಮ್ಮದಲ್ಲ, ಚೀಟಿ ಎತ್ತಿ ಕೊಡುತ್ತಾರೆ. ಪರಿಚಯ ಮಾಡಿಕೊಳ್ಳಲು 20 ನಿಮಿಷ. ಜರ್ಮನಿಯ ಅನಿಕಾ ಶ್ಲಾಯ್ ಮೊದಲ ಸ್ಥಾನದಲ್ಲಿದ್ದರು, ಸೇಂಟ್ ಬಾಯ್ ಅನ್ನೋ ಕುದುರೆ ಸಿಕ್ಕಿತು. ಅದು ಬೇಲಿ ಹಾರಲ್ಲ ಅಂತ ನಿಂತುಬಿಟ್ಟಿತು. ಅವರು ಕುದುರೆ ಮೇಲೇ ಅಳುತ್ತಾ ಚಾಟಿ ಬೀಸುತ್ತಿದ್ದರು, ಕೋಚ್ ಬೇಲಿಯಾಚೆಯಿಂದ "ಹೊಡಿ" ಅಂತ ಕೂಗಿ ತಾನೇ ಕುದುರೆಗೆ ಮುಷ್ಟಿಯಿಂದ ಗುದ್ದಿದರು. ಪ್ರಪಂಚವೆಲ್ಲ ಟಿವಿಯಲ್ಲಿ ನೋಡಿತು. ಕೋಚ್‌ನ ಅಲ್ಲಿಂದ ಕಳಿಸಿದರು.

ಈಗ ಜವಾಬ್ದಾರಿ ಯಾರದು? ಎಫ್‌ಇಐ, ಇದು ನಮ್ಮ ಆಟ ಅಲ್ಲ ಅಂತು. ನಿಜ, ಪೆಂಟಾಥ್ಲಾನ್‌ಗೆ ಬೇರೆ ಸಂಸ್ಥೆ ಇದೆ, ಯುಐಪಿಎಂ. ಆ ಸಂಸ್ಥೆ 20 ನಿಮಿಷದ ನಿಯಮ ಮಾಡಿದ್ದು ತಾನೇ, ಆದರೂ ಅವತ್ತು ಅಳುತ್ತಿದ್ದ ಹುಡುಗಿ ಮತ್ತು ಗುದ್ದಿದ ಕೋಚ್ ಮೇಲೆ ಎಲ್ಲರ ಕಣ್ಣು. ಕೊನೆಗೆ ಕುದುರೆಯನ್ನೇ ಆಟದಿಂದ ತೆಗೆದು ಅಡೆತಡೆ ಓಟ ಹಾಕಿದರು. ಒಲಿಂಪಿಕ್ಸ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಇದ್ದದ್ದು ಪ್ಯಾರಿಸ್ 2024ರಲ್ಲೇ ಕೊನೆ. ಸಂಸ್ಥೆ ತನ್ನ ನಿಯಮ ಸರಿ ಮಾಡಿಕೊಳ್ಳುವ ಬದಲು ಸಾಕ್ಷಿಯನ್ನೇ ಕಳಿಸಿಬಿಟ್ಟಂಗಾಯ್ತು ಅಂತ ನನ್ನ ಅಭಿಪ್ರಾಯ. ಒಪ್ಪದೆ ಇರಬಹುದು ನೀವು.

ಮನಸ್ಸು ಮಾಡಿದರೆ ಮಾಡೋಕೆ ಆಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ದೂರದ ಓಟ, ಎಂಡ್ಯೂರೆನ್ಸ್ ಅಂತಾರಲ್ಲ, ಅದರಲ್ಲಿ ಯುಎಇ ಕಡೆ ಮರಳಲ್ಲಿ ಅತಿ ವೇಗಕ್ಕೆ ಕುದುರೆಗಳು ಕಾಲು ಮುರಿದುಕೊಂಡು ಸಾಯುತ್ತಿದ್ದವು. 2015ರಲ್ಲಿ ಎಫ್‌ಇಐ ಆ ದೇಶದ ಒಕ್ಕೂಟವನ್ನೇ ಅಮಾನತು ಮಾಡಿತು, ದುಡ್ಡಿರುವ ದೇಶ ಅಂತ ನೋಡಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ವಾಪಸ್ ತಗೊಂಡರು, ಅದೂ ಹೇಳಬೇಕು.

---

ಅರಸೀಕೆರೆ_ಹಳ್ಳಿಕಾರ್:

ನಾನು ಎತ್ತಿನ ಗಾಡಿ ರೇಸ್ ಕಡೆಯವನು. ಕುದುರೆಗೂ ನನಗೂ ಸಂಬಂಧ ಇಲ್ಲ, ಆದರೆ ಇದನ್ನೆಲ್ಲ ಓದಿ ಹೊಟ್ಟೆ ಉರೀತು ಅದಕ್ಕೆ ಬರೀತಿದೀನಿ.

2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ತೀರ್ಪು ಕೊಟ್ಟಾಗ ನಮ್ಮ ರೇಸೂ ನಿಂತೋಯ್ತು, ಕಂಬಳವೂ ನಿಂತೋಯ್ತು. ಆಮೇಲೆ ಕರ್ನಾಟಕ ಕಾಯ್ದೆ ತಿದ್ದುಪಡಿ ಮಾಡಿ, ರಾಷ್ಟ್ರಪತಿ ಸಹಿ ಆಗಿ, ಕೊನೆಗೆ 2023ರ ಮೇ 18ಕ್ಕೆ ಐದು ಜಡ್ಜ್‌ಗಳ ಪೀಠ ಅದನ್ನ ಎತ್ತಿ ಹಿಡಿಯೋವರೆಗೂ ನಾವು ಪ್ರತಿ ವರ್ಷ ಡಿಸಿ ಆಫೀಸಿಗೆ ಅಲೆದಿದ್ದೀವಿ. ಈಗ್ಲೂ ಅನುಮತಿ ಬೇಕು, ಪಶು ಡಾಕ್ಟರ್ ಇರಬೇಕು, ಮೊಳೆ ಕೋಲು ಹಿಡಿಯಂಗಿಲ್ಲ. ನಮ್ಮಲ್ಲೂ ತಪ್ಪು ಮಾಡೋರು ಇದ್ರು, ಬಾಲ ಕಡಿಯೋರು, ಕಣ್ಣಿಗೆ ಖಾರ ಹಾಕೋರು, ಅದನ್ನ ಮುಚ್ಚಿಡಲ್ಲ. ಕೋರ್ಟು ಬಂದ ಮೇಲೆ ಕಮ್ಮಿ ಆಯ್ತು.

ಆದ್ರೆ ಹಳ್ಳಿಯೋನು ಎತ್ತು ಓಡ್ಸಿದ್ರೆ ಸುಪ್ರೀಂ ಕೋರ್ಟು, ಕೋಟು ಹಾಕ್ಕೊಂಡೋನು ಕುದುರೆ ಬಾಯಲ್ಲಿ ರಕ್ತ ಬರ್ಸಿದ್ರೆ ಅವರದೇ ರೂಲ್ಸ್ ಬುಕ್ಕು, ಅವರದೇ ಜಡ್ಜು, ಅವರದೇ ಎಚ್ಚರಿಕೆ ಚೀಟಿ. ಕುದುರೆ ಬೇರೆ ದೇಶದ ಪ್ರಾಣಿನಾ? ನಾನೇನೂ ನಿಲ್ಲಿಸಿ ಅಂತಿಲ್ಲ. ನಮಗೆ ಹಾಕಿದ ಷರತ್ತು ಅವರಿಗೂ ಹಾಕಿ ಅಷ್ಟೆ.

---

ಕೋರ್ಟ್_ರಸ್ತೆ:

ಹಳ್ಳಿಕಾರ್ ಅಣ್ಣ, ಕಾನೂನು ಅವರಿಗೂ ಇದೆ. ಬಳಸುವವರು ಇಲ್ಲ.

ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ 1960, 11ನೇ ಸೆಕ್ಷನ್. ಹೊಡೆಯುವುದು, ಒದೆಯುವುದು, ಅತಿಯಾಗಿ ಸವಾರಿ ಮಾಡುವುದು, ಗಾಯವಾದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು, ಎಲ್ಲವೂ ಅದರಲ್ಲಿದೆ. ಕುದುರೆ, ಎತ್ತು ಅಂತ ಭೇದ ಇಲ್ಲ. ಒಕ್ಕೂಟದ ನಿಯಮ ಅವಕಾಶ ಕೊಟ್ಟಿದೆ ಅನ್ನುವುದು ಈ ಕಾಯ್ದೆಯ ಮುಂದೆ ಉತ್ತರ ಆಗುವುದಿಲ್ಲ. ಆದರೆ ದಂಡ ಕೇಳಿದರೆ ನಗು ಬರುತ್ತದೆ: ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಬರೆದದ್ದು, ಹಾಗೇ ಉಳಿದಿದೆ. ಅಂಗ ಊನ ಮಾಡಿದರೆ ಅಥವಾ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು ಇದೆ, ಇಲ್ಲಿ ಅದು ಬರುವುದಿಲ್ಲ.

ಜನರನ್ನು ಬಿಟ್ಟುಕೊಂಡು ನಡೆಸುವ ಕುದುರೆ ಸ್ಪರ್ಧೆಗಳು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮದ ಒಳಗೂ ಬರುತ್ತವೆ. ನೋಂದಣಿ ಇದೆಯಾ ಅಂತ ಕೇಳುವ ಹಕ್ಕು ನಿಮಗಿದೆ. ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಅರ್ಧ ಜನ ಫೋನ್ ಎತ್ತುವುದಿಲ್ಲ.

2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂತು. ಪ್ರತಿ ಕ್ರೀಡಾ ಒಕ್ಕೂಟಕ್ಕೂ ನೀತಿ ಸಮಿತಿ, ವಿವಾದ ಬಗೆಹರಿಸುವ ಸಮಿತಿ ಇರಬೇಕು ಅನ್ನುತ್ತದೆ. ಮಂಡಳಿ, ನ್ಯಾಯಮಂಡಳಿ ಎಲ್ಲ ಇದೆ. ಒಳ್ಳೆಯದೇ, ಆದರೆ ಅದು ಆಟಗಾರರನ್ನು, ಚುನಾವಣೆಯನ್ನು ನೋಡಿಕೊಂಡು ಬರೆದ ಕಾಯ್ದೆ. ನಮ್ಮ ಕುದುರೆ ಸವಾರಿ ಒಕ್ಕೂಟದ ಗಲಾಟೆ ವರ್ಷಗಟ್ಟಲೆ ದೆಹಲಿ ಹೈಕೋರ್ಟಿನಲ್ಲಿ ನಡೆದಿದೆ, ಅದೂ ಯಾರಿಗೆ ವೋಟು, ಕ್ಲಬ್ಬಿಗೋ ರಾಜ್ಯ ಸಂಘಕ್ಕೋ ಅಂತ. ಕುದುರೆಯ ಬಾಯಿ ಬಗ್ಗೆ ಅಲ್ಲ.

ಹಾಸನದಮ್ಮನವರೇ, ನೀವು ಮಾಡಬಹುದಾದದ್ದು ಇಷ್ಟು. ನೀವು ಕಂಡದ್ದನ್ನು ಮಾತ್ರ ಬರೆಯಿರಿ: ದಿನ, ಹೊತ್ತು, ಎಷ್ಟನೇ ನಂಬರ್ ಕುದುರೆ, ಯಾರಿಗೆ ಹೇಳಿದಿರಿ, ಏನು ಉತ್ತರ ಬಂತು. "ಹಿಂಸೆ" ಅನ್ನೋ ಪದವನ್ನೇ ಹಾಕಬೇಡಿ. ಡಾಕ್ಟರ್ ಪರೀಕ್ಷೆ ಮಾಡಿದ ದಾಖಲೆ ಕೊಡಿ ಅಂತ ಕೇಳಿ. ಒಂದು ಪ್ರತಿ ಸ್ಪರ್ಧೆ ನಡೆಸಿದವರಿಗೆ, ಒಂದು ಒಕ್ಕೂಟಕ್ಕೆ, ಒಂದು ಸ್ಪರ್ಧೆ ನಡೆದ ಜಿಲ್ಲೆಯ ಪ್ರಾಣಿ ದಯಾ ಸಂಘಕ್ಕೆ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಪಶುಪಾಲನಾ ಇಲಾಖೆಯಲ್ಲಿ ಕೊಟ್ಟರೆ ತಲುಪುತ್ತದೆ.

---

ಹಾಸನದಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಆ ಟವೆಲ್ ಹುಡುಗನಿಗೆ ತೊಂದರೆ ಆಗಬಾರದು ಅನ್ನೋದೊಂದು ನನ್ನ ಚಿಂತೆ, ಅವನು ಹೇಳಿದ್ದು ಮಾಡುವವನು. ಅರ್ಜಿಯಲ್ಲಿ ಅವನನ್ನು ಬಿಡುತ್ತೇನೆ.

ಮಗಳು ಇದನ್ನೆಲ್ಲ ಓದಿ, "ಅಮ್ಮ, ನಮ್ಮ ಶಾಲೆ ಕುದುರೆ ಸರಿ ಇದೆಯಾ ಅಂತ ನಾನು ಹೇಗೆ ನೋಡೋದು?" ಅಂತ ಕೇಳಿದಳು. ಡಾಕ್ಟ್ರೇ, ಹೇಳುತ್ತೀರಾ? ಬಿಡಿಸುವುದು ಬಿಡುವುದು ಅದರ ಮೇಲೆ.

---

ಗೊರಸು_ಡಾಕ್ಟ್ರು:

ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಜೀನು ತೆಗೆದ ಮೇಲೆ ಬೆನ್ನು ನೋಡಲು ಹೇಳಿ. ಕಪ್ಪು ಅಥವಾ ಕಂದು ಕುದುರೆಗೆ ಹೆಗಲ ಹಿಂದೆ, ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲ ಮಚ್ಚೆ ಇದ್ದರೆ ಹಿಂದೆ ಯಾವಾಗಲೋ ಅಲ್ಲಿ ಜೀನು ಒತ್ತಿ ಹುಣ್ಣಾಗಿತ್ತು ಅಂತ. ಹಳೆಯದಾದರೆ ಈಗಿನವರ ತಪ್ಪಲ್ಲದಿರಬಹುದು, ಆದರೆ ಕೇಳಬೇಕು. ಹೊಟ್ಟೆಪಟ್ಟಿ ಕಟ್ಟುವ ಕಡೆ, ಹಿಮ್ಮಡಿ ತಾಗುವ ಕಡೆ ಕೂದಲು ಉದುರಿದೆಯಾ ನೋಡಲಿ.

ಗಟ್ಟಿ ನೆಲದ ಮೇಲೆ ಕುದುರೆಯನ್ನು ಯಾರಾದರೂ ಹಿಡಿದುಕೊಂಡು ನೇರ ಓಡಿಸಲಿ, ಇವಳು ಎದುರು ನಿಂತು ತಲೆ ನೋಡಲಿ. ಮುಂಗಾಲಲ್ಲಿ ನೋವಿದ್ದರೆ ಆ ಕಾಲು ಊರುವಾಗ ತಲೆ ಮೇಲೆ ಹೋಗುತ್ತದೆ. ಲಾಯದಲ್ಲಿ ಸುಮ್ಮನೆ ನಿಂತಾಗ ಎದೆ ಬಡಿತ ನಿಮಿಷಕ್ಕೆ 28ರಿಂದ 44ರ ಒಳಗೆ ಇರಬೇಕು, ದವಡೆ ಕೆಳಗೆ ಬೆರಳಿಟ್ಟರೆ ಸಿಗುತ್ತದೆ. ಕುದುರೆ ನೋವಿನ ಮಾತ್ರೆ ತಿಂದು ಕ್ಲಾಸಿಗೆ ಬರುತ್ತಿದೆಯಾ ಅಂತಲೂ ಕೋಚ್‌ಗೆ ನೇರ ಕೇಳಿ. ಸ್ಪರ್ಧೆಯಲ್ಲಿ ಅದನ್ನು ನಿಷೇಧಿಸಿದ್ದಾರೆ, ಶಾಲೆಯ ಕುದುರೆಗೆ ಕೇಳುವವರಿಲ್ಲ.

ನೀವು ಇದೆಲ್ಲ ಕೇಳಿದಾಗ ಸಿಡುಕಿದರೆ ಬೇರೆ ಕಡೆ ನೋಡಿ. ಬಾ ತೋರಿಸ್ತೀನಿ ಅಂತ ಕುದುರೆ ಬಾಯಿ ತೆರೆದು ತೋರಿಸಿದರೆ ಅಲ್ಲೇ ಇರಲಿ. ಒಂದು ಭಾನುವಾರ ಬೇಕಾದರೆ ನಾನೂ ಬರುತ್ತೇನೆ.

---

ಮೂಡಿಗೆರೆ_ತೋಟ:

ಬಿಳಿ ಮಚ್ಚೆ ವಿಷಯ ಸರಿ. ನಮ್ಮ ಒಂದಕ್ಕೆ ಇದೆ, ಕೊಂಡಾಗಲೇ ಇತ್ತು.

ಡಾಕ್ಟ್ರೇ, ಭಾನುವಾರ ಹಾಸನಕ್ಕೆ ಹೋಗುವುದಾದರೆ ಬೇಲೂರು ಮೇಲೆ ಇತ್ತ ಬನ್ನಿ, ನಮ್ಮ ಎರಡೂ ಕುದುರೆ ಬಾಯಿ ನೋಡಿ. ಫೀಸು ಕೊಡುತ್ತೇನೆ, ಊಟವೂ ಇದೆ. ಏನಾದರೂ ಸಿಕ್ಕರೆ ಇಲ್ಲೇ ಬರೆಯಿರಿ, ನನ್ನ ಅಭ್ಯಂತರ ಇಲ್ಲ.

---

ಕೋರ್ಟ್_ರಸ್ತೆ:

ಒಂದು ಹೇಳೋದು ಬಿಟ್ಟೋಯ್ತು. ಅರ್ಜಿ ಕೈಯಲ್ಲಿ ಕೊಡುವುದಾದರೆ ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಬೇಡ, ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿ ಸ್ವೀಕೃತಿ ಕಾರ್ಡ್ ಇಟ್ಟುಕೊಳ್ಳಿ.